ಮಣಿಕಟ್ಟಿನ ಗಡಿಯಾರವೂ ನಿದ್ರೆಯ ಲೆಕ್ಕವೂ

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಆದರೆ ವಿರಾರ್ ಕಡೆಗೆ ಓಡುವ ರಾತ್ರಿಯ ಲೋಕಲ್ ಗಾಡಿಯಲ್ಲಿ, ಮೇಲಿನ ಹಿಡಿಕೆಗೆ ಒಂದು ಕೈ ಕೊಟ್ಟು ನಿಂತಲ್ಲೇ ತೂಕಡಿಸುವ ಗುಮಾಸ್ತನನ್ನು ಕಂಡವರಿಗೆ, ಚಿಂತೆಯುಳ್ಳವನಿಗೂ ಸಂತೆಯಲ್ಲಿ ನಿದ್ದೆ ಬರುತ್ತದೆ, ಬಾರದಿರುವುದು ಮನೆಯ ಹಾಸಿಗೆಯ ಮೇಲೆ ಮಾತ್ರ ಎಂದು ತೋರಿದರೆ ಆಶ್ಚರ್ಯವಿಲ್ಲ. ಮಹಾನಗರದ ಜೀವನದಲ್ಲಿ ಮೊದಲು ಕಡಿತಗೊಳ್ಳುವ ಬಾಬು ನಿದ್ರೆಯೇ. ಬೆಳಗಿನ ಗಾಡಿ, ಕಾರ್ಖಾನೆಯ ರಾತ್ರಿ ಪಾಳಿ, ಅಮೆರಿಕದ ಕಾಲಮಾನಕ್ಕೆ ಹೊಂದಿಕೊಂಡ ಮಗನ ಕಂಪ್ಯೂಟರ್ ಕೆಲಸ, ಗೋಡೆಯಾಚೆಯ ನೆರೆಮನೆಯ ಟೀವಿ ಇವೆಲ್ಲ ಸೇರಿ ಊರಿನಲ್ಲಿ ಒಂಬತ್ತಕ್ಕೆ ಮಲಗುತ್ತಿದ್ದ ಕುಟುಂಬದವರನ್ನು ನಡುರಾತ್ರಿಯವರೆಗೆ ಎಚ್ಚರವಾಗಿರಿಸುತ್ತವೆ.

ಇಂಥ ಮನೆಗಳಿಗೆ ಕೆಲವು ವರ್ಷಗಳಿಂದ ಹೊಸದೊಂದು ಉಪಕರಣ ಪ್ರವೇಶಿಸಿದೆ. ನಿದ್ರೆಯನ್ನು ಅಳೆಯುವ ಕೈಗಡಿಯಾರ, ಕೈಪಟ್ಟಿ, ಅಥವಾ ಬೆರಳಿನ ಉಂಗುರ. ಮಕ್ಕಳು ತಂದೆಯ ಷಷ್ಟ್ಯಬ್ದಿಗೆ ಉಡುಗೊರೆಯಾಗಿ ಕೊಡುತ್ತಾರೆ. ಕಚೇರಿಯ ಗೆಳೆಯರು ಪರಸ್ಪರ ಅಂಕಗಳನ್ನು ಹೋಲಿಸುತ್ತಾರೆ. ಹಿಂದೆ ಬೆಳಿಗ್ಗೆ ಎದ್ದವರು ಅಂಗೈಯನ್ನು ನೋಡಿಕೊಳ್ಳುತ್ತಿದ್ದರು, ಈಗ ಮಣಿಕಟ್ಟನ್ನು ನೋಡಿಕೊಳ್ಳುತ್ತಾರೆ. ಒಟ್ಟು ನಿದ್ರೆ 6 ಗಂಟೆ 42 ನಿಮಿಷ, ಅದರಲ್ಲಿ ಗಾಢನಿದ್ರೆ 51 ನಿಮಿಷ, ನಿದ್ರೆಯ ಅಂಕ 78 ಎಂಬಂತೆ ನಿಮಿಷಕ್ಕೆ ನಿಮಿಷ ಲೆಕ್ಕ ಅಲ್ಲಿ ಮೂಡಿರುತ್ತದೆ. ನಿಮಿಷದವರೆಗೆ ಕೊಟ್ಟ ಲೆಕ್ಕವನ್ನು ಜನ ಸಹಜವಾಗಿಯೇ ನಂಬುತ್ತಾರೆ. ಈ ಲೆಕ್ಕ ಎಷ್ಟರಮಟ್ಟಿಗೆ ಸರಿ, ಯಾರ ವಿಷಯದಲ್ಲಿ ಸರಿ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ನಿದ್ರೆಯು ಮೂಲತಃ ಮಿದುಳಿನ ವ್ಯಾಪಾರ. ಜರ್ಮನಿಯ ಹ್ಯಾನ್ಸ್ ಬರ್ಗರ್ 1924ರಲ್ಲಿ ಮಾನವ ಮಿದುಳಿನ ವಿದ್ಯುತ್ ತರಂಗಗಳನ್ನು ಮೊದಲ ಬಾರಿಗೆ ದಾಖಲಿಸಿ, 1929ರಲ್ಲಿ ಅದನ್ನು ಪ್ರಕಟಿಸಿದನು. 1953ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನತಾನಿಯೆಲ್ ಕ್ಲೈಟ್‌ಮನ್, ಮಲಗಿದವರ ಕಣ್ಣುಗುಡ್ಡೆಗಳು ರೆಪ್ಪೆಯ ಕೆಳಗೆ ಕೆಲವು ಅವಧಿಗಳಲ್ಲಿ ಶೀಘ್ರವಾಗಿ ಚಲಿಸುತ್ತವೆಂಬುದನ್ನೂ, ಆ ವೇಳೆಯಲ್ಲಿ ಎಬ್ಬಿಸಿದರೆ ಅನೇಕರು ಕನಸನ್ನು ವರ್ಣಿಸುತ್ತಾರೆಂಬುದನ್ನೂ ತೋರಿಸಿಕೊಟ್ಟರು. ಇದೇ ಇಂದು ರೆಮ್ ನಿದ್ರೆ ಎಂದು ಕರೆಯಲ್ಪಡುವ ಹಂತ. 1968ರಲ್ಲಿ ರೆಕ್ಟ್‌ಷಾಫೆನ್ ಮತ್ತು ಕೇಲ್ಸ್ ಸಂಪಾದಿಸಿದ ಕೈಪಿಡಿಯಿಂದ ನಿದ್ರೆಯ ಹಂತಗಳನ್ನು ಗುರುತಿಸುವ ಏಕರೂಪದ ನಿಯಮಗಳು ಬಂದವು. 2007ರಲ್ಲಿ ಅಮೆರಿಕದ ನಿದ್ರಾವೈದ್ಯರ ಸಂಸ್ಥೆಯು ಅವನ್ನು ಪರಿಷ್ಕರಿಸಿತು.

ನಿದ್ರಾ ಪ್ರಯೋಗಾಲಯದಲ್ಲಿ ನಡೆಯುವ ಈ ಪರೀಕ್ಷೆಗೆ ಪಾಲಿಸಾಮ್ನೋಗ್ರಫಿ ಎಂದು ಹೆಸರು. ತಲೆಯ ಮೇಲೆ, ಕಣ್ಣುಗಳ ಪಕ್ಕದಲ್ಲಿ, ಗದ್ದದ ಮೇಲೆ ತಂತಿಗಳನ್ನು ಅಂಟಿಸಿ, ಮೂಗಿನ ಉಸಿರು, ಎದೆಯ ಏರಿಳಿತ, ಹೃದಯದ ಬಡಿತ, ರಕ್ತದಲ್ಲಿನ ಆಮ್ಲಜನಕ ಇವೆಲ್ಲವನ್ನೂ ರಾತ್ರಿಯಿಡೀ ದಾಖಲಿಸುತ್ತಾರೆ. ಬಳಿಕ ಆ ದಾಖಲೆಯನ್ನು 30 ಸೆಕೆಂಡುಗಳ ತುಂಡುಗಳಾಗಿ ವಿಂಗಡಿಸಿ, ಒಂದೊಂದು ತುಂಡಿಗೂ ಎಚ್ಚರ, ಲಘುನಿದ್ರೆಯ ಎರಡು ಹಂತಗಳು, ಗಾಢನಿದ್ರೆ, ರೆಮ್ ಎಂಬ ಐದರಲ್ಲಿ ಒಂದು ಹೆಸರನ್ನು ತಜ್ಞರು ಕೊಡುತ್ತಾರೆ. ಎಂಟು ಗಂಟೆಯ ರಾತ್ರಿಗೆ 960 ತುಂಡುಗಳು. ಹಳೆಯ ಕಾಲದ ಲೆಡ್ಜರಿನಲ್ಲಿ ಒಂದೊಂದು ವೋಚರನ್ನೂ ಪರಿಶೀಲಿಸಿ ಟಿಕ್ ಹಾಕುತ್ತಿದ್ದ ಕೆಲಸದಂತೆಯೇ ಇದು.

ಮಣಿಕಟ್ಟಿನ ಗಡಿಯಾರಕ್ಕೆ ಮಿದುಳಿನ ದರ್ಶನವೇ ಇಲ್ಲ. ಅದಕ್ಕೆ ಲಭ್ಯವಿರುವುದು ಮುಖ್ಯವಾಗಿ ಎರಡು ಸಾಕ್ಷ್ಯಗಳು. ಒಂದು, ಕೈಯ ಚಲನೆ. ಆಕ್ಸೆಲೆರೋಮೀಟರ್ ಎಂಬ ಪುಟ್ಟ ಬಿಡಿಭಾಗವು ಕೈ ಅಲುಗಿದ್ದನ್ನು ಗ್ರಹಿಸುತ್ತದೆ. ಕೈ ಬಹಳ ಹೊತ್ತು ಅಲುಗದಿದ್ದರೆ ಮನುಷ್ಯ ನಿದ್ರಿಸಿದ್ದಾನೆ ಎಂದು ಅದರ ತರ್ಕ. ಇದು ಹೊಸ ವಿಚಾರವೇನಲ್ಲ. 1970ರ ದಶಕದಿಂದಲೂ ಸಂಶೋಧಕರು ಈ ವಿಧಾನವನ್ನು ಬಳಸುತ್ತ ಬಂದಿದ್ದಾರೆ. ಎರಡನೆಯದು ನಾಡಿ. ಗಡಿಯಾರದ ಅಡಿಯಲ್ಲಿ ಮಿನುಗುವ ಹಸಿರು ಬೆಳಕನ್ನು ರಕ್ತವು ಹೀರಿಕೊಳ್ಳುತ್ತದೆ. ಹೃದಯ ಬಡಿದಾಗಲೆಲ್ಲ ಚರ್ಮದ ಕೆಳಗಿನ ರಕ್ತದ ಪ್ರಮಾಣ ಏರಿಳಿಯುವುದರಿಂದ ಹಿಂತಿರುಗುವ ಬೆಳಕೂ ಏರಿಳಿಯುತ್ತದೆ, ಅದರಿಂದ ಬಡಿತವನ್ನು ಎಣಿಸಬಹುದು. ಗಾಢನಿದ್ರೆಯಲ್ಲಿ ಬಡಿತ ನಿಧಾನವಾಗಿ ಒಂದೇ ಸಮನಾಗಿರುತ್ತದೆ, ರೆಮ್ ನಿದ್ರೆಯಲ್ಲಿ ಅಸ್ಥಿರವಾಗುತ್ತದೆ. ಈ ವ್ಯತ್ಯಾಸದಿಂದ ಹಂತಗಳನ್ನು ಊಹಿಸುವ ಸೂತ್ರಗಳನ್ನು ಕಂಪನಿಗಳು ರಚಿಸಿಕೊಂಡಿವೆ. ಫಿಟ್‌ಬಿಟ್ ಕಂಪನಿಯ ಮೊದಲ ಉಪಕರಣ 2009ರಲ್ಲಿ ಚಲನೆಯನ್ನಷ್ಟೇ ನೋಡುತ್ತಿತ್ತು. 2017ರಿಂದ ನಾಡಿಯನ್ನೂ ಸೇರಿಸಿ ಹಂತಗಳ ವಿವರ ಕೊಡತೊಡಗಿತು.

ನ್ಯಾಯಾಲಯದ ಭಾಷೆಯಲ್ಲಿ ಹೇಳುವುದಾದರೆ ಪ್ರಯೋಗಾಲಯದ್ದು ಪ್ರತ್ಯಕ್ಷ ಸಾಕ್ಷ್ಯ, ಗಡಿಯಾರದ್ದು ಸಾಂದರ್ಭಿಕ ಸಾಕ್ಷ್ಯ. ಸಾಂದರ್ಭಿಕ ಸಾಕ್ಷ್ಯದಿಂದಲೂ ಸತ್ಯ ಹೊರಬೀಳಬಹುದು, ಅಲ್ಲಗಳೆಯುವಂತಿಲ್ಲ. ಆದರೆ ಹೃದಯದ ಲಯ ತಪ್ಪಿರುವವರಲ್ಲಿ, ಬಡಿತವನ್ನು ನಿಯಂತ್ರಿಸುವ ಮಾತ್ರೆ ಸೇವಿಸುವವರಲ್ಲಿ, ಪಟ್ಟಿಯನ್ನು ಸಡಿಲವಾಗಿ ಕಟ್ಟಿಕೊಳ್ಳುವವರಲ್ಲಿ ಈ ಸಾಕ್ಷ್ಯವೇ ಅಲುಗಾಡುತ್ತದೆ. ಲೋಕಲ್ ಗಾಡಿಯ ನಿದ್ರೆಯಂತೂ ಗಡಿಯಾರಕ್ಕೆ ನಿದ್ರೆಯೇ ಅಲ್ಲ. ಅಲ್ಲಿ ಕೈ ಒಂದು ಕ್ಷಣವೂ ಸ್ಥಿರವಾಗಿರುವುದಿಲ್ಲವಷ್ಟೆ.

ತಾಳೆಯಾದ ಪಟ್ಟಿ, ತಪ್ಪಿದ ಖಾತೆ

ಈಗ ನಿಖರತೆಯ ಮಾತಿಗೆ ಬರೋಣ. ಅಮೆರಿಕದ ಸ್ಯಾನ್ ಡಿಯೇಗೋದಲ್ಲಿರುವ ನೌಕಾಪಡೆಯ ಆರೋಗ್ಯ ಸಂಶೋಧನಾ ಕೇಂದ್ರದವರು 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 34 ಮಂದಿ ಆರೋಗ್ಯವಂತ ಯುವಜನರನ್ನು ಮೂರು ರಾತ್ರಿ ಪ್ರಯೋಗಾಲಯದಲ್ಲಿ ಮಲಗಿಸಿ, ಏಳು ಉಪಕರಣಗಳನ್ನು ಪಾಲಿಸಾಮ್ನೋಗ್ರಫಿಯೊಂದಿಗೆ ಹೋಲಿಸಲಾಯಿತು. ಕೆಲವು ಕೈಗೆ ಕಟ್ಟುವಂಥವು, ಕೆಲವು ಹಾಸಿಗೆಯ ಕೆಳಗೆ ಅಥವಾ ಬಳಿಯಲ್ಲಿ ಇಡುವಂಥವು. ನಿಜವಾಗಿ ನಿದ್ರಿಸಿದ್ದ ಹೊತ್ತನ್ನು ನಿದ್ರೆಯೆಂದೇ ಗುರುತಿಸುವುದರಲ್ಲಿ ಏಳೂ ಉಪಕರಣಗಳು ನೂರಕ್ಕೆ 93 ಅಥವಾ ಅದಕ್ಕೂ ಹೆಚ್ಚು ಅಂಕ ಪಡೆದವು. ಆದರೆ ನಿಜವಾಗಿ ಎಚ್ಚರವಾಗಿದ್ದ ಹೊತ್ತನ್ನು ಎಚ್ಚರವೆಂದು ಗುರುತಿಸುವುದರಲ್ಲಿ ಅವುಗಳ ಅಂಕ ನೂರಕ್ಕೆ 18ರಿಂದ 54ರ ನಡುವೆ ಇತ್ತು. ಕಣ್ಣು ಮುಚ್ಚಿ, ಕೈ ಅಲುಗಿಸದೆ, ನಿದ್ರೆ ಬಾರದೆ ಮಲಗಿರುವ ಮನುಷ್ಯನೂ ನಿದ್ರಿಸಿದವನೂ ಗಡಿಯಾರಕ್ಕೆ ಹೆಚ್ಚುಕಡಿಮೆ ಒಂದೇ. ನಿದ್ರೆಗೆ ಬೇಕೆಂದೇ ಭಂಗ ತಂದ ರಾತ್ರಿಗಳಲ್ಲಿ ಅವುಗಳ ಕಾರ್ಯ ಇನ್ನೂ ಕೆಳಗಿಳಿಯಿತು.

ಇದರ ಪರಿಣಾಮವೇನೆಂಬುದನ್ನು ಒಂದು ಸರಳ ಲೆಕ್ಕದಿಂದ ನೋಡಬಹುದು. ನಿದ್ರೆಯನ್ನು ನೂರಕ್ಕೆ 95ರಷ್ಟೂ, ಎಚ್ಚರವನ್ನು ನೂರಕ್ಕೆ 40ರಷ್ಟೂ ಸರಿಯಾಗಿ ಗುರುತಿಸುವ ಒಂದೇ ಬಗೆಯ ಗಡಿಯಾರವನ್ನು ಅಣ್ಣತಮ್ಮಂದಿರಿಬ್ಬರು ಕಟ್ಟಿಕೊಂಡಿದ್ದಾರೆ ಎಂದಿಟ್ಟುಕೊಳ್ಳೋಣ. ಇಬ್ಬರೂ ಹಾಸಿಗೆಯಲ್ಲಿರುವುದು 480 ನಿಮಿಷ. ತಮ್ಮನಿಗೆ ಒಳ್ಳೆಯ ನಿದ್ರೆ, 440 ನಿಮಿಷ ನಿದ್ರೆ, 40 ನಿಮಿಷ ಎಚ್ಚರ. ಗಡಿಯಾರವು ಅವನ 440ರಲ್ಲಿ 418 ನಿಮಿಷವನ್ನು ನಿದ್ರೆಯೆಂದು ಹಿಡಿದು 22 ನಿಮಿಷವನ್ನು ಬಿಟ್ಟುಬಿಡುತ್ತದೆ. 40 ನಿಮಿಷದ ಎಚ್ಚರದಲ್ಲಿ 16ನ್ನು ಮಾತ್ರ ಗುರುತಿಸಿ ಉಳಿದ 24ನ್ನು ನಿದ್ರೆಯ ಖಾತೆಗೆ ಜಮಾ ಮಾಡುತ್ತದೆ. ಒಟ್ಟು 442 ನಿಮಿಷ. ನಿಜಕ್ಕೂ ಗಡಿಯಾರಕ್ಕೂ ಅಂತರ ಬರೀ ಎರಡು ನಿಮಿಷ! ತಮ್ಮನು ಗಡಿಯಾರವನ್ನು ಹೊಗಳಿದರೆ ಅವನದೇನೂ ತಪ್ಪಿಲ್ಲ.

ಅಣ್ಣನಿಗೆ ನಿದ್ರಾಹೀನತೆ. 480ರಲ್ಲಿ 300 ನಿಮಿಷ ನಿದ್ರೆ, 180 ನಿಮಿಷ ಚಾವಣಿಯನ್ನು ನೋಡುತ್ತ ಕಳೆದ ಹೊತ್ತು. ಗಡಿಯಾರವು 300ರಲ್ಲಿ 285ನ್ನು ಹಿಡಿಯುತ್ತದೆ. 180ರಲ್ಲಿ 72ನ್ನು ಎಚ್ಚರವೆಂದು ಒಪ್ಪಿ 108ನ್ನು ನಿದ್ರೆಗೆ ಸೇರಿಸುತ್ತದೆ. ಒಟ್ಟು 393 ನಿಮಿಷ, ಅಂದರೆ ಆರೂವರೆ ಗಂಟೆ. ಐದು ಗಂಟೆ ಮಲಗಿದವನಿಗೆ ಒಂದೂವರೆ ಗಂಟೆಯ ನಿದ್ರೆಯನ್ನು ಗಡಿಯಾರ ಕಾಗದದ ಮೇಲೆ ದಾನ ಮಾಡಿದೆ. ಬೆಳಿಗ್ಗೆ ತಲೆನೋವಿನಿಂದ ಎದ್ದ ಅಣ್ಣನಿಗೆ ಮನೆಯವರು ಗಡಿಯಾರ ತೋರಿಸಿ, ಆರೂವರೆ ಗಂಟೆ ಮಲಗಿದ್ದೀರಲ್ಲ, ಇನ್ನೇನು ಬೇಕು ಎಂದು ಕೇಳಿದರೆ ಅವನು ಏನೆಂದು ಉತ್ತರಿಸಬೇಕು?

ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಆರಂಭದಲ್ಲೇ ಕಲಿಸುವ ಪಾಠವೊಂದಿದೆ: ಟ್ರಯಲ್ ಬ್ಯಾಲೆನ್ಸ್ ಎಂಬ ತಾಳೆಪಟ್ಟಿಯ ಎರಡು ಬದಿಗಳು ಸರಿಹೊಂದಿದ ಮಾತ್ರಕ್ಕೆ ಖಾತೆಗಳು ಸರಿಯಾಗಿವೆ ಎಂದರ್ಥವಲ್ಲ. ಒಂದೆಡೆಯ ತಪ್ಪು ಇನ್ನೊಂದೆಡೆಯ ತಪ್ಪನ್ನು ಸರಿದೂಗಿಸಿದಾಗಲೂ ಪಟ್ಟಿ ತಾಳೆಯಾಗುತ್ತದೆ. ತಮ್ಮನ ಗಡಿಯಾರದಲ್ಲಿ ನಡೆದದ್ದು ಅದೇ. ಅವನ ಎಚ್ಚರದ ಅವಧಿ ಕಡಿಮೆಯಾದ್ದರಿಂದ ಎರಡು ತಪ್ಪುಗಳು ಒಂದನ್ನೊಂದು ನುಂಗಿದವು. ಅಣ್ಣನಲ್ಲಿ ಎಚ್ಚರದ ಅವಧಿ ದೊಡ್ಡದಾದ್ದರಿಂದ ಅದೇ ಗಡಿಯಾರದ ಅದೇ ದೋಷ ಬಯಲಿಗೆ ಬಂತು. ನಿದ್ರೆ ಚೆನ್ನಾಗಿರುವವರಿಗೆ ಲೆಕ್ಕ ಸರಿ, ಲೆಕ್ಕ ಯಾರಿಗೆ ಬೇಕೋ ಅವರಿಗೆ ತಪ್ಪು. ಇದೇ ಈ ಉಪಕರಣಗಳ ವಿಷಯದಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ.

ನೂರಕ್ಕೆ ತೊಂಬತ್ತು ನಿಖರ ಎಂಬ ಜಾಹೀರಾತಿನ ಮಾತನ್ನೂ ಇದೇ ಲೆಕ್ಕದಲ್ಲಿಟ್ಟು ತೂಗಬಹುದು. ತಮ್ಮನ 480 ನಿಮಿಷಗಳಲ್ಲಿ ಗಡಿಯಾರ ಸರಿಯಾಗಿ ಹೇಳಿದ್ದು 418 ಮತ್ತು 16, ಒಟ್ಟು 434. ಎಂದರೆ ನೂರಕ್ಕೆ 90. ಇಡೀ ರಾತ್ರಿ ನಿದ್ರೆ, ನಿದ್ರೆ ಎಂದು ಮಾತ್ರ ಬರೆಯುವ, ಒಳಗೆ ಯಾವ ಯಂತ್ರವೂ ಇಲ್ಲದ ಡಬ್ಬಿಯೊಂದನ್ನು ಅವನು ಕಟ್ಟಿಕೊಂಡಿದ್ದರೆ ಅದು 440 ನಿಮಿಷ ಸರಿ ಹೇಳುತ್ತಿತ್ತು. ಎಂದರೆ ನೂರಕ್ಕೆ ಸುಮಾರು 92. ಬೆಲೆಬಾಳುವ ಗಡಿಯಾರಕ್ಕಿಂತ ಖಾಲಿ ಡಬ್ಬಿಯೇ ನಿಖರ ಎನಿಸಿಕೊಳ್ಳುವ ಲೆಕ್ಕದಲ್ಲಿ ನಿಖರತೆ ಎಂಬ ಶಬ್ದಕ್ಕೆ ಹೆಚ್ಚು ಬೆಲೆಯಿಲ್ಲ.

ಹಂತಗಳ ಲೆಕ್ಕ ಇನ್ನೂ ಕಠಿಣ. ಬೋಸ್ಟನ್ನಿನಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 35 ಆರೋಗ್ಯವಂತ ವಯಸ್ಕರ ಮೇಲೆ ಔರಾ ಉಂಗುರ, ಫಿಟ್‌ಬಿಟ್ ಮತ್ತು ಆಪಲ್ ಗಡಿಯಾರಗಳನ್ನು ಪರೀಕ್ಷಿಸಿದರು. ಮೂರೂ ನಿದ್ರೆಯನ್ನು ನೂರಕ್ಕೆ 95ಕ್ಕೂ ಮಿಕ್ಕು ಸರಿಯಾಗಿ ಗುರುತಿಸಿದವು. ಆದರೆ ಆಪಲ್ ಗಡಿಯಾರವು ಗಾಢನಿದ್ರೆಯನ್ನು ಸರಾಸರಿ 43 ನಿಮಿಷ ಕಡಿಮೆ ತೋರಿಸಿತು. ಫಿಟ್‌ಬಿಟ್‌ನ ತಪ್ಪು ಅದಕ್ಕಿಂತ ಚಿಕ್ಕದು, ಉಂಗುರದ್ದು ಇನ್ನೂ ಚಿಕ್ಕದು. ಅಧ್ಯಯನದ ವೆಚ್ಚವನ್ನು ಭರಿಸಿದ್ದು ಉಂಗುರದ ಕಂಪನಿಯೇ ಎಂಬುದನ್ನು ಲೆಕ್ಕಪರಿಶೋಧನೆಯ ರೂಢಿಯುಳ್ಳವರು ಅಂಚಿನಲ್ಲಿ ಗುರುತು ಹಾಕಿಕೊಳ್ಳಬೇಕು. ಅಷ್ಟರಿಂದಲೇ ಫಲಿತಾಂಶ ಸುಳ್ಳಾಗದು, ಆದರೆ ಗುರುತು ಅಗತ್ಯ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಪ್ರಯೋಗಾಲಯದ ತಜ್ಞರೂ ಪರಸ್ಪರ ಪೂರ್ತಿ ಒಪ್ಪುವುದಿಲ್ಲ. 2,500ಕ್ಕೂ ಹೆಚ್ಚು ತಜ್ಞರಿಗೆ ಒಂದೇ ದಾಖಲೆಗಳನ್ನು ಕೊಟ್ಟು ನೋಡಿದ 2013ರ ಅಧ್ಯಯನದಲ್ಲಿ ಅವರ ಒಮ್ಮತ ಸುಮಾರು ನೂರಕ್ಕೆ 83. ಗಾಢನಿದ್ರೆಯ ವಿಷಯದಲ್ಲಿ 67 ಮಾತ್ರ. ಚಿನ್ನದ ಅಳತೆಗೋಲಿನಲ್ಲೇ ಅಷ್ಟು ಸವಕಳಿ ಇರುವಾಗ, ನಿನ್ನೆ 51 ನಿಮಿಷವಿದ್ದ ಗಾಢನಿದ್ರೆ ಇಂದು 38ಕ್ಕೆ ಇಳಿಯಿತೆಂದು ಕಳವಳಪಡಲು ಆಧಾರವಿಲ್ಲ. ಮೇಲಾಗಿ ವಯಸ್ಸಾದಂತೆ ಗಾಢನಿದ್ರೆ ಸಹಜವಾಗಿಯೇ ಕಡಿಮೆಯಾಗುತ್ತದೆ. ಅರವತ್ತರ ತಂದೆ ಇಪ್ಪತ್ತೈದರ ಮಗನ ಅಂಕಗಳೊಂದಿಗೆ ಸ್ಪರ್ಧೆಗಿಳಿಯುವುದು ಸಲ್ಲದು. ಇನ್ನು ನಿದ್ರೆಯ ಅಂಕ ಎಂಬ ಒಂದೇ ಸಂಖ್ಯೆ ಒಂದೊಂದು ಕಂಪನಿಯ ಸ್ವಂತ ಸೂತ್ರದಿಂದ ಬಂದದ್ದು. ಅದಕ್ಕೆ ಸರ್ವಸಮ್ಮತ ಮಾನದಂಡವಿಲ್ಲ. ಒಂದು ಗಡಿಯಾರದ 78 ಇನ್ನೊಂದರ 78ಕ್ಕೆ ಸಮವಲ್ಲ.

ಸಂಖ್ಯೆ ತರುವ ನಿದ್ರಾಭಂಗ

ಕೆಲವರಿಗೆ ಈ ಸಂಖ್ಯೆಗಳೇ ರೋಗವಾಗುತ್ತವೆ. 2017ರಲ್ಲಿ ಷಿಕಾಗೋದ ವೈದ್ಯರು ಇಂಥ ಮೂವರು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿ, ಆರ್ಥೋಸಾಮ್ನಿಯಾ ಎಂಬ ಹೆಸರನ್ನು ಸೂಚಿಸಿದರು. ಪರಿಪೂರ್ಣ ನಿದ್ರೆಯ ಹಟ ಎಂದು ಅದನ್ನು ಕನ್ನಡಿಸಬಹುದು. ಇಂಥವರು ಗಡಿಯಾರದ ಮೊತ್ತವನ್ನು ಹೆಚ್ಚಿಸಲೆಂದು ಹಾಸಿಗೆಯಲ್ಲಿ ಹೆಚ್ಚು ಹೊತ್ತು ಕಳೆಯುತ್ತಾರೆ. ನಿದ್ರೆ ಬಾರದೆ ಹಾಸಿಗೆಯಲ್ಲಿ ಹೊರಳುವ ಅಭ್ಯಾಸ ನಿದ್ರಾಹೀನತೆಯನ್ನು ಬೆಳೆಸುವುದೇ ವಿನಾ ಕಳೆಯುವುದಿಲ್ಲ. ಪ್ರಯೋಗಾಲಯದ ಪರೀಕ್ಷೆಯು ಗಾಢನಿದ್ರೆ ಬಂದಿದೆಯೆಂದು ತೋರಿಸಿದರೂ ಅದನ್ನು ಬಿಟ್ಟು ಕೈಪಟ್ಟಿಯನ್ನೇ ನಂಬಿದವರೂ ಆ ಮೂವರಲ್ಲಿದ್ದರು. 2018ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ ನಿದ್ರಾಹೀನತೆಯುಳ್ಳವರಿಗೆ ಮಣಿಕಟ್ಟಿನ ಉಪಕರಣದ ವರದಿಯೆಂದು ಕಲ್ಪಿತ ವರದಿಗಳನ್ನು ಕೊಟ್ಟರು. ಕೆಟ್ಟ ನಿದ್ರೆಯೆಂಬ ವರದಿ ಪಡೆದವರು ಆ ದಿನ ಹೆಚ್ಚು ತೂಕಡಿಕೆಯನ್ನೂ ಕಡಿಮೆ ಚುರುಕನ್ನೂ ಅನುಭವಿಸಿದರು. ಸುಳ್ಳು ಪಾಸ್‌ಬುಕ್ಕನ್ನು ನೋಡಿ ನಿಜವಾದ ಬಡತನ ಪಟ್ಟಂತಾಯಿತು!

ಇದಕ್ಕಿಂತ ಗಂಭೀರವಾದ ಅಪಾಯ ಒಳ್ಳೆಯ ಅಂಕದಿಂದ ಬರುತ್ತದೆ. ಗೊರಕೆ ಹೊಡೆಯುವ ಐವತ್ತರ ಗೃಹಸ್ಥರೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ಗೊರಕೆ ಜೋರಾಗಿ ಏರಿ ಥಟ್ಟನೆ ನಿಲ್ಲುತ್ತದೆ. ಹತ್ತು, ಹದಿನೈದು, ಇಪ್ಪತ್ತು ಸೆಕೆಂಡು ಉಸಿರೇ ಇಲ್ಲ. ಬಳಿಕ ಏದುಸಿರಿನೊಂದಿಗೆ ಮತ್ತೆ ಆರಂಭ. ಪಕ್ಕದಲ್ಲಿ ಎಚ್ಚರವಾಗಿರುವ ಹೆಂಡತಿ ಎಣಿಸುತ್ತಿರುತ್ತಾರೆ. “ರಾತ್ರಿ ನಿಮ್ಮ ಉಸಿರು ನಿಂತುಹೋಗುತ್ತದೆ, ಒಮ್ಮೆ ಡಾಕ್ಟರಿಗೆ ತೋರಿಸಿ” ಎಂದರೆ, “ಗಡಿಯಾರ ಎಂಬತ್ತಾರು ಕೊಟ್ಟಿದೆ, ನಿನಗೆ ಸುಮ್ಮನೆ ಗಾಬರಿ” ಎಂಬ ಉತ್ತರ. ಇದು ಸ್ಲೀಪ್ ಆಪ್ನಿಯಾ ಎಂಬ ರೋಗದ ಲಕ್ಷಣ. ಗಂಟಲಿನ ದಾರಿ ಕುಸಿದು ಹತ್ತು ಸೆಕೆಂಡು ಅಥವಾ ಹೆಚ್ಚು ಹೊತ್ತು ಉಸಿರು ನಿಲ್ಲುವುದೋ ತಗ್ಗುವುದೋ ಗಂಟೆಗೆ 5 ಬಾರಿಗಿಂತ ಹೆಚ್ಚಾದರೆ ರೋಗವೆಂದೂ, 15 ದಾಟಿದರೆ ಮಧ್ಯಮವೆಂದೂ, 30 ದಾಟಿದರೆ ತೀವ್ರವೆಂದೂ ಎಣಿಸುತ್ತಾರೆ. ಪ್ರತಿ ಬಾರಿಯೂ ಮಿದುಳು ಕೆಲವು ಸೆಕೆಂಡುಗಳ ಮಟ್ಟಿಗೆ ಎಚ್ಚೆತ್ತು ಉಸಿರನ್ನು ಮರಳಿಸುತ್ತದೆ. ಈ ಕ್ಷಣಿಕ ಎಚ್ಚರಗಳು ಮಲಗಿದವರ ನೆನಪಿಗೂ ಬಾರವು, ಬಹುಮಟ್ಟಿಗೆ ಗಡಿಯಾರದ ನಿದ್ರೆಯ ಮೊತ್ತಕ್ಕೂ ಬಾರವು. ಆದರೆ ರಕ್ತದೊತ್ತಡ ಏರುವುದು, ಹಗಲಿನಲ್ಲಿ ಮಂಪರು ಕವಿಯುವುದು, ಸ್ಕೂಟರ್ ಓಡಿಸುವಾಗ ಕಣ್ಣು ಮುಚ್ಚುವುದು ನಿಲ್ಲುವುದಿಲ್ಲ.

2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಸ್ಯಾಮ್‌ಸಂಗ್ ಮತ್ತು ಆಪಲ್ ಗಡಿಯಾರಗಳಲ್ಲಿ ಆಪ್ನಿಯಾದ ಚಿಹ್ನೆಗಳನ್ನು ಗುರುತಿಸುವ ಸೌಲಭ್ಯಕ್ಕೆ ಅನುಮತಿ ನೀಡಿತು. ಇದು ಸ್ವಾಗತಾರ್ಹವೇ. ಆದರೆ ಆಪಲ್ ಕಂಪನಿಯೇ ಕೊಟ್ಟಿರುವ ಅಂಕಿಯಂತೆ ಮಧ್ಯಮ ಅಥವಾ ತೀವ್ರ ರೋಗವುಳ್ಳ ಮೂವರಲ್ಲಿ ಸುಮಾರು ಇಬ್ಬರನ್ನು ಮಾತ್ರ ಅದು ಹಿಡಿಯುತ್ತದೆ. ರೋಗವಿಲ್ಲದವರ ಮೇಲೆ ತಪ್ಪು ಎಚ್ಚರಿಕೆ ಕೊಡುವುದು ತೀರ ಅಪರೂಪ. ಆದುದರಿಂದ ಎಚ್ಚರಿಕೆ ಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಎಚ್ಚರಿಕೆ ಬಾರದಿದ್ದರೆ ಏನನ್ನೂ ನಿರ್ಧರಿಸುವಂತಿಲ್ಲ, ಹೆಂಡತಿಯ ಎಣಿಕೆಯೇ ಹೆಚ್ಚು ಬೆಲೆಯುಳ್ಳದ್ದು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳ ದೊಡ್ಡ ಆಸ್ಪತ್ರೆಗಳಲ್ಲಿ ನಿದ್ರಾ ಪ್ರಯೋಗಾಲಯಗಳಿವೆ. ಕೆಲವು ಸಂದರ್ಭಗಳಲ್ಲಿ ಉಪಕರಣವನ್ನು ಮನೆಗೆ ಒಯ್ದು ಒಂದು ರಾತ್ರಿಯ ಪರೀಕ್ಷೆ ಮಾಡಿಕೊಳ್ಳಲೂ ಸಾಧ್ಯ.

ಹಾಗಾದರೆ ಗಡಿಯಾರದಿಂದ ಪ್ರಯೋಜನವೇ ಇಲ್ಲವೆ? ಇದೆ. ಎಷ್ಟು ಹೊತ್ತಿಗೆ ಹಾಸಿಗೆ ಸೇರಿದರು, ಎಷ್ಟು ಹೊತ್ತಿಗೆ ಎದ್ದರು ಎಂಬುದನ್ನು ಅದು ಸಾಕಷ್ಟು ಚೆನ್ನಾಗಿಯೇ ದಾಖಲಿಸುತ್ತದೆ. ಒಂದು ರಾತ್ರಿಯ ಅಂಕವನ್ನು ಬದಿಗಿಟ್ಟು ತಿಂಗಳ ಸರಾಸರಿಯನ್ನು ನೋಡಿದರೆ, ವಾರದ ದಿನಗಳಲ್ಲಿ ಒಂದು ಗಂಟೆಗೆ ಮಲಗಿ ಭಾನುವಾರ ಹತ್ತರವರೆಗೆ ಹೊರಳುವ ಅವ್ಯವಸ್ಥೆ ಕಣ್ಣಿಗೆ ಹೊಡೆಯುತ್ತದೆ. ಪಾಳಿ ಬದಲಾದಾಗ ನಿದ್ರೆ ಎಷ್ಟು ಕುಗ್ಗಿತೆಂಬುದೂ ತಿಳಿಯುತ್ತದೆ. ಆದರೆ ಈ ಹೋಲಿಕೆ ಅದೇ ಗಡಿಯಾರದ ಹಿಂದಿನ ತಿಂಗಳೊಂದಿಗೆ ಮಾತ್ರ ಸಲ್ಲುತ್ತದೆ. ಕಂಪನಿ ಸೂತ್ರವನ್ನು ಬದಲಿಸಿದರೆ ಅದೂ ಸಲ್ಲದು. ಆಧಾರವರ್ಷ ಬದಲಾದ ಬೆಲೆ ಸೂಚ್ಯಂಕದಂತೆ ಹಳೆಯ ಅಂಕಿ ಹೊಸ ಅಂಕಿಗೆ ಹೊಂದುವುದಿಲ್ಲ.

ನಿದ್ರಾಹೀನತೆಗಾಗಿ ವೈದ್ಯರ ಬಳಿಗೆ ಹೋದಾಗ ಅವರು ಸಾಮಾನ್ಯವಾಗಿ ಮೊದಲು ಕೇಳುವುದು ಗಡಿಯಾರವನ್ನಲ್ಲ, ಒಂದೆರಡು ವಾರಗಳ ನಿದ್ರೆಯ ದಿನಚರಿಯನ್ನು. ಇದಕ್ಕೆ ಶಾಲೆಯ ನೋಟ್‌ಬುಕ್ಕಿನ ಒಂದು ಹಾಳೆ ಸಾಕು: ಮಲಗಿದ ಹೊತ್ತು, ನಿದ್ರೆ ಬರಲು ಹಿಡಿದ ಅಂದಾಜು ಸಮಯ, ರಾತ್ರಿ ಎದ್ದ ಸಂಖ್ಯೆ, ಬೆಳಿಗ್ಗೆ ಎದ್ದ ಹೊತ್ತು, ಸಂಜೆಯ ನಂತರ ಕುಡಿದ ಕಾಫಿ, ಹಗಲಿನ ತೂಕಡಿಕೆ, ಲೋಕಲ್ ಗಾಡಿಯ ನಿದ್ರೆಯನ್ನೂ ಸೇರಿಸಿ. ಅಮೆರಿಕದ ವೈದ್ಯರ ಮಹಾವಿದ್ಯಾಲಯವು 2016ರಲ್ಲಿ ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಶಿಫಾರಸು ಮಾಡಿದ, ಅಭ್ಯಾಸ ಮತ್ತು ಆಲೋಚನೆಗಳನ್ನು ತಿದ್ದುವ ಚಿಕಿತ್ಸೆಯೂ ಇಂಥ ದಿನಚರಿಯನ್ನೇ ಆಧರಿಸಿ ನಡೆಯುತ್ತದೆ. ಗಡಿಯಾರ ಕಟ್ಟುವವರು ಬೆಳಿಗ್ಗೆ ಅದರ ಅಂಕವನ್ನು ನೋಡುವ ಮೊದಲೇ ಈ ಸಾಲನ್ನು ತುಂಬಿಬಿಡಬೇಕು. ನೋಡಿದ ಮೇಲೆ ಬರೆದದ್ದು ದಿನಚರಿಯಾಗದೆ ಗಡಿಯಾರದ ನಕಲು ಪ್ರತಿಯಾಗುತ್ತದೆ.